ಸದ್ದಿಲ್ಲದ ಸುತ್ತು

ಮಾರ್ಚ್ ೪, ಸೋಮವಾರ

ಹದಿನೆಂಟು ವರ್ಷದಲ್ಲಿ ಯಾರೂ ನನ್ನ ಕೆಲಸದ ಕಡೆ ಬೆರಳು ತೋರಿಸಿರಲಿಲ್ಲ. ಇವತ್ತು ತೋರಿಸಿದ್ದಾರೆ. ತೋರಿಸಿದವಳಿಗೆ ಇನ್ನೂ ಮೂವತ್ತು ತುಂಬಿಲ್ಲ.

ಎರಡು ತಿಂಗಳ ಹಿಂದೆ ಹೊಸ ಯಂತ್ರದ ಜೊತೆಗೇ ನಮ್ಮ ಆಸ್ಪತ್ರೆಗೆ ಬಂದಿಳಿದ ಕಿವಿ ತಜ್ಞೆ ಅವಳು. ಮಗುವನ್ನು ನಿದ್ದೆ ಮಾಡಿಸಿ, ಹಣೆಗೂ ಕಿವಿಯ ಹಿಂದಕ್ಕೂ ತಂತಿ ಅಂಟಿಸಿ, ಕಂಪ್ಯೂಟರಿನಲ್ಲಿ ಏಳುವ ಗೆರೆ ನೋಡಿ, ಕೇಳಿಸುತ್ತದೋ ಇಲ್ಲವೋ ಹೇಳುತ್ತಾಳೆ. ನಾನು ತಂತಿ ಮೇಡಂ ಎಂದು ಹೆಸರಿಟ್ಟಿದ್ದೇನೆ. ಎದುರಿಗೆ ಮಾತ್ರ ಬರೀ ಮೇಡಂ.

ಬೆಳಿಗ್ಗೆ ಕರೆದು ಒಂದು ಫೈಲು ಮುಂದಿಟ್ಟಳು. ಒಂದು ವರ್ಷ ಒಂಬತ್ತು ತಿಂಗಳ ಹೆಣ್ಣುಮಗು, ಇನ್ನೂ ಒಂದು ಮಾತೂ ಬಂದಿಲ್ಲ. ಎಂಟು ತಿಂಗಳಿದ್ದಾಗ ನಮ್ಮ ಕೋಣೆಯಲ್ಲಿ ಪರೀಕ್ಷೆ ಆಗಿದೆ. ಕೆಳಗೆ ನನ್ನದೇ ಕೈಬರಹ: ಎರಡೂ ಕಡೆ ಚೆನ್ನಾಗಿ ತಿರುಗಿತು. ಪಾಸ್.

"ಗೆರೆ ಏಳ್ತಾನೇ ಇಲ್ಲ ಅಕ್ಕ, ಎರಡೂ ಕಿವಿಯಲ್ಲಿ. ನನಗೇನೋ ಹುಟ್ಟಿನಿಂದಲೇ ಇರಬೇಕು ಅನ್ಸುತ್ತೆ."

"ಹಾಗಾದ್ರೆ ಎಂಟು ತಿಂಗಳಲ್ಲಿ ತಿರುಗಿದ್ದು ಯಾರು, ನಾನಾ?"

ಅವಳು ನಗಲಿಲ್ಲ. ನಗಬೇಕೆಂದು ನಾನೂ ಹೇಳಿರಲಿಲ್ಲ.

ಮನೆಗೆ ಬಂದು ನಮ್ಮವರ ಹತ್ತಿರ ಹೇಳಿಕೊಂಡೆ. ಸೈಕಲ್ ಅಂಗಡಿ ಮುಚ್ಚಿ ಬಂದು ಕೈಯ ಗ್ರೀಸು ತೊಳೆಯುತ್ತಿದ್ದರು. "ಯಂತ್ರ ಹೊಸದಲ್ವಾ, ಅದಕ್ಕೂ ನಿನ್ನ ಹೆದರಿಕೆ ಇನ್ನೂ ಹತ್ತಿಲ್ಲ, ಹತ್ತುತ್ತೆ ಬಿಡು" ಎಂದರು. ಈ ಮನುಷ್ಯನ ಹತ್ತಿರ ಕಷ್ಟ ಹೇಳಿಕೊಳ್ಳುವುದೂ ಒಂದೇ, ಗೋಡೆಗೆ ಹೇಳುವುದೂ ಒಂದೇ.

ಮಾರ್ಚ್ ೫, ಮಂಗಳವಾರ

ಬರೆದಿಟ್ಟುಕೊಳ್ಳುತ್ತೇನೆ. ನಾಳೆ ನಾಲ್ಕು ಜನರ ಮುಂದೆ ವಾದ ಮಾಡಬೇಕಾದರೆ ಮಾತು ತಡವರಿಸಬಾರದು.

ನನ್ನ ಕೆಲಸ ಇಷ್ಟು. ಮಗು ತಾಯಿಯ ತೊಡೆಯ ಮೇಲೆ ಕೂತಿರುತ್ತದೆ. ಎದುರಿಗೆ ಕುಳ್ಳ ಮೇಜು, ಮೇಜಿನಾಚೆ ನಾನು. ನನ್ನ ಕೈಯಲ್ಲಿ ಗೊಂಬೆ. ಇಡೀ ಆಸ್ಪತ್ರೆ ನನ್ನನ್ನು ಗೊಂಬೆ ಅಕ್ಕ ಎನ್ನುವುದು ಅದಕ್ಕೇ. ಗೊಂಬೆ ಆಡಿಸಿ ಮಗುವಿನ ಗಮನ ನನ್ನ ಕಡೆ ಹಿಡಿದಿಡಬೇಕು. ಹಿಡಿತ ಬಿಗಿಯಾಯಿತು ಅನ್ನುವಾಗ ಗೊಂಬೆಯನ್ನು ಬಟ್ಟೆಯಡಿ ಮುಚ್ಚಿ ಕಲ್ಲಿನ ಹಾಗೆ ಕೂರಬೇಕು. ಅದೇ ಗಳಿಗೆಗೆ ಮಗುವಿನ ಹಿಂದೆ, ಪಕ್ಕದಲ್ಲಿ, ಅದಕ್ಕೆ ಕಾಣದ ಹಾಗೆ ನಿಂತ ಜೊತೆಗಾರರು ಮೆಲ್ಲಗೆ ಗಿಲಕಿ ಆಡಿಸುತ್ತಾರೆ. ಕಿವಿ ಕೇಳುವ ಮಗು ತಟ್ಟನೆ ತಿರುಗುತ್ತದೆ. ಕೇಳದ ಮಗು ಗೊಂಬೆ ಎಲ್ಲಿ ಹೋಯಿತೆಂದು ಬಟ್ಟೆ ಎಳೆಯುತ್ತದೆ.

ಗಿಲಕಿ ಆಡಿಸುವುದು ಯಾರಿಗಾದರೂ ಬರುತ್ತದೆ. ಕಲ್ಲಾಗಿ ಕೂರುವುದು ಎಲ್ಲರಿಗೂ ಬರುವುದಿಲ್ಲ. ನನ್ನ ಮುಖ ನೋಡಿ ಯಾವ ಮಗುವಿಗೂ ಏನೂ ತಿಳಿಯುವುದಿಲ್ಲ. ಹದಿನೇಳು ವರ್ಷ ನನ್ನ ಜೊತೆ ಗಿಲಕಿ ಹಿಡಿದ ಗಿಲಕಿಯಮ್ಮ ನಿವೃತ್ತಿಯ ದಿನ ಎಲ್ಲರ ಮುಂದೆ ಹೇಳಿದ್ದಳು: "ಇವಳ ಮುಖದ ಮೇಲೆ ನೊಣ ಕೂತರೂ ನೊಣಕ್ಕೇ ಬೇಜಾರಾಗಿ ಎದ್ದು ಹೋಗುತ್ತೆ."

ಹಾಗಿರುವಾಗ ನಿನ್ನೆ ಮೊನ್ನೆ ಬಂದ ತಂತಿ ನನಗೆ ಪಾಠ ಹೇಳುತ್ತದಂತೆ.

ಮಾರ್ಚ್ ೧೧, ಸೋಮವಾರ

ಆ ಮಗುವಿನ ತಾಯಿ ಬಂದಿದ್ದಳು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾಳೆ. ಮುಂಗೈ ಮೇಲೆ ಸುಟ್ಟ ಕಲೆಗಳು. ಮಗುವಿಗೆ ಎರಡು ಜುಟ್ಟು, ಒಂದು ಮೇಲೆ ಒಂದು ಕೆಳಗೆ. ಕೋಣೆಯಲ್ಲಿರುವುದನ್ನೆಲ್ಲ ಒಂದೇ ನೋಟಕ್ಕೆ ಗುಡಿಸಿಕೊಳ್ಳುವ ಕಣ್ಣು. ಬಂದ ಐದು ನಿಮಿಷಕ್ಕೆ ನನ್ನ ಮೇಜಿನ ಯಾವ ಡ್ರಾಯರಿನಲ್ಲಿ ಗೊಂಬೆಗಳಿವೆ ಎಂದು ಪತ್ತೆ ಹಚ್ಚಿದಳು.

"ಇಷ್ಟು ಚುರುಕಾಗಿರೋ ಮಗುವಿಗೆ ಕೇಳಿಸಲ್ಲ ಅಂದ್ರೆ ಯಾರು ನಂಬ್ತಾರೆ?" ಎಂದೆ.

ತಾಯಿ ಮಗುವಿನ ಜುಟ್ಟು ಸರಿಮಾಡಿದಳು. ಆಮೇಲೆ ಮೆತ್ತಗೆ, "ಮೇಡಂ, ನೀವು ಹೇಳಿದ್ದು ಸರೀನಾ, ಅವರು ಹೇಳಿದ್ದಾ?" ಎಂದಳು.

"ಗುರುವಾರ ಕರ್ಕೊಂಡು ಬಾಮ್ಮ. ಎಲ್ಲರ ಎದುರಿಗೇ ಮಾಡಿ ತೋರಿಸ್ತೀನಿ."

ತಂತಿ ಮೇಡಂ ಒಪ್ಪಿದಳು. ಈಗ ಗಿಲಕಿ ಹಿಡಿಯುವವನು ಕಣ್ಣಿನ ವಿಭಾಗದಿಂದ ನಮಗೆ ವರ್ಗವಾಗಿ ಬಂದ ಆಮೆರಾಯ. ನಲವತ್ತೈದರ ಆಳು, ಎಲ್ಲದರಲ್ಲೂ ಎರಡು ಹೆಜ್ಜೆ ಹಿಂದೆ. "ಗುರುವಾರ ನನ್ನ ಮಾನ ನಿಮ್ಮ ಕೈಯಲ್ಲಿದೆ, ಸರಿಯಾದ ಹೊತ್ತಿಗೆ ಆಡಿಸಿ" ಎಂದು ಮೂರು ಸಲ ಹೇಳಿದೆ. "ಆಡಿಸ್ತೀನಕ್ಕ" ಎಂದ, ಮೂರು ಸಲವೂ ಸ್ವಲ್ಪ ತಡವಾಗಿ.

ಮಾರ್ಚ್ ೧೪, ಗುರುವಾರ

ಸದ್ದೇ ಆಗಿರಲಿಲ್ಲ. ಆದರೂ ತಿರುಗಿದಳು.

ಮಾರ್ಚ್ ೧೫, ಶುಕ್ರವಾರ

ನಿನ್ನೆ ಬರೆಯಲು ಕೈ ಬರಲಿಲ್ಲ. ಇವತ್ತು ರಜೆ ಹಾಕಿದ್ದೇನೆ. ಹದಿನೆಂಟು ವರ್ಷದಲ್ಲಿ ಎಷ್ಟನೇ ರಜೆಯೋ, ಒಂದು ಕೈಯ ಬೆರಳು ಸಾಕು.

ಮೊದಲ ಮೂರು ಸುತ್ತು ಬಲಕ್ಕೆ, ಎಡಕ್ಕೆ, ಬಲಕ್ಕೆ ಸರಿಯಾಗಿ ತಿರುಗಿದಳು. ನಾನು ತಂತಿ ಮೇಡಂ ಕಡೆ ಒಂದು ನೋಟ ಬೀರಿದೆ. ಗೆದ್ದವರ ನೋಟ, ಸುಳ್ಳೇಕೆ ಹೇಳಲಿ. ನಾಲ್ಕನೇ ಸುತ್ತಿಗೆ ಗೊಂಬೆ ಮುಚ್ಚಿದೆ. ಮಗು ಎಡಕ್ಕೆ ತಿರುಗಿತು. ಅಲ್ಲಿ ಆಮೆರಾಯ ಸೀನು ತಡೆಯಲು ಜೇಬಿನಲ್ಲಿ ಕರವಸ್ತ್ರ ಹುಡುಕುತ್ತ ನಿಂತಿದ್ದಾನೆ. ಗಿಲಕಿ ಕಪಾಟಿನ ಮೇಲಿದೆ.

"ನಾನಿನ್ನೂ ಆಡಿಸಿಲ್ಲಕ್ಕ."

ತಂತಿ ಮೇಡಂ, "ಅಕ್ಕ, ನೀವು ಅವರ ಕಡೆ ನೋಡಿದ್ರಿ" ಎಂದಳು.

"ನೋಡಿಲ್ಲ."

"ಪ್ರತಿ ಸಲವೂ ನೋಡಿದ್ರಿ. ಒಂದು ಕ್ಷಣ."

ಸಿಟ್ಟು ನೆತ್ತಿಗೇರಿತು. ಆಮೆರಾಯನನ್ನು ಕೋಣೆಯಿಂದ ಆಚೆ ಕಳಿಸಿದೆ. ಮಗುವಿನ ಹಿಂದೆ ಈಗ ಬರೀ ಗೋಡೆ. ಗೊಂಬೆ ಮುಚ್ಚಿ, ಬೇಕೆಂತಲೇ ಕಣ್ಣು ಬಲಕ್ಕೆ ಹೊರಳಿಸಿದೆ. ಮಗು ಬಲಕ್ಕೆ ತಿರುಗಿತು. ಎಡಕ್ಕೆ ಹೊರಳಿಸಿದೆ. ಎಡಕ್ಕೆ ತಿರುಗಿತು. ಮತ್ತೆ ಅವನನ್ನು ಕರೆದೆ. ಕಿವಿಯ ಪಕ್ಕದಲ್ಲೇ, ಜೋರಾಗಿ, ಕೈ ನೋಯುವಷ್ಟು ಆಡಿಸಿ ಎಂದು ಹೇಳಿ ನಾನು ಕಣ್ಣು ಮುಚ್ಚಿಕೊಂಡೆ. ಗಿಲಕಿಯ ಸದ್ದಿಗೆ ತಾಯಿಯೇ ಬೆಚ್ಚಿ "ಅಯ್ಯೋ" ಎಂದಳು. ಕಣ್ಣು ತೆರೆದರೆ ಮಗು ನನ್ನ ಮುಖವನ್ನೇ ನೋಡುತ್ತಿದೆ. ಈ ಸಲ ಯಾವ ಕಡೆ ಅಂತ ನಾನು ಹೇಳಲೆಂದು ಕಾಯುತ್ತಿದೆ. ನಾನು ನೋಡಿದ್ದಕ್ಕೆ ನಕ್ಕಿತು.

ಗಿಲಕಿಯಮ್ಮ ಇದ್ದಾಗ ನಾನು ಮಗುವಿನ ಹಿಂದೆ ನೋಡುವ ಅಗತ್ಯವೇ ಇರಲಿಲ್ಲ. ಅವಳು ಎಲ್ಲಿ ನಿಂತಿದ್ದಾಳೆಂದು ನನ್ನ ಮೈಗೇ ಗೊತ್ತಿತ್ತು. ಅವಳು ಇನ್ನೊಂದು ಶಿಸ್ತು ಇಟ್ಟುಕೊಂಡಿದ್ದಳು: ನಾಲ್ಕು ಸುತ್ತಿಗೊಮ್ಮೆ ಗಿಲಕಿ ಆಡಿಸದೆ ಸುಮ್ಮನೆ ನಿಲ್ಲುವಳು. ಸದ್ದಿಲ್ಲದೆಯೂ ಮಗು ತಿರುಗಿದರೆ ಪರೀಕ್ಷೆಯೇ ರದ್ದು, ಮೊದಲಿಂದ ಶುರು. ಅವಳು ಹೋದ ಮೇಲೆ ಸಾಲು ಬಾಗಿಲಾಚೆಗೂ ಬೆಳೆಯಿತು. ಸುಮ್ಮನೆ ಹೊತ್ತು ಹಾಳು ಎಂದು ಆ ಸದ್ದಿಲ್ಲದ ಸುತ್ತನ್ನು ಬಿಟ್ಟವಳು ನಾನು. ಯಾರೂ ಹೇಳಲಿಲ್ಲ, ನಾನೇ. ಆಮೆರಾಯ ಸರಿಯಾಗಿ ಆಡಿಸುತ್ತಾನೋ ಇಲ್ಲವೋ ಎಂಬ ಅಪನಂಬಿಕೆಯಿಂದ ಅವನ ಕಡೆ ಕಣ್ಣು ಹೊರಳಿಸುವುದನ್ನು ಯಾವಾಗ ಕಲಿತೆನೋ ಗೊತ್ತಿಲ್ಲ.

ಗಿಲಕಿಯಮ್ಮ ಹೋಗಿ ಹದಿನಾಲ್ಕು ತಿಂಗಳು. ಆಮೆರಾಯನಿಗೆ ಫೋನ್ ಮಾಡಿ ರಿಜಿಸ್ಟರು ನೋಡಿಸಿದೆ. ಪಾಸಾದ ಮಕ್ಕಳು ನೂರ ಎಂಬತ್ತಾರು.

ಮಾರ್ಚ್ ೧೮, ಸೋಮವಾರ

ದೊಡ್ಡ ಡಾಕ್ಟರ ಕೋಣೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಪೆನ್ನಿನ ಮುಚ್ಚಳ ಹಾಕುವುದು ತೆಗೆಯುವುದು ಮಾಡುತ್ತ ಕೇಳಿಸಿಕೊಂಡರು.

"ಈ ಮಗುವಿಗೆ ವರ್ಷ ತುಂಬಿದಾಗ ಜೋರು ಜ್ವರ ಬಂದಿತ್ತಂತಲ್ಲಮ್ಮ?"

"ಬಂದಿತ್ತಂತೆ ಸರ್."

"ಜ್ವರದಿಂದ ಕಿವಿ ಹೋಗಬಹುದು. ಆಮೇಲೆ ಬಂದ ದೋಷ ಅಂತ ಬರೆದು ಸಹಿ ಹಾಕಿ. ಮಗುವಿಗೆ ಬೇಕಾದ ಚಿಕಿತ್ಸೆ ಹೇಗೂ ಮಾಡ್ತೀವಿ. ಯಾರಿಗೂ ನಷ್ಟ ಇಲ್ಲ."

"ಉಳಿದ ನೂರ ಎಂಬತ್ತೈದು?"

"ಎಲ್ಲರನ್ನೂ ಕರೆದು ನಮ್ಮ ಪರೀಕ್ಷೆ ಸರಿಯಿರಲಿಲ್ಲ ಅನ್ನೋದಾ? ನಾಳೆಯಿಂದ ಈ ಮೆಟ್ಟಿಲು ಯಾರು ಹತ್ತುತ್ತಾರೆ? ತೊಂದರೆ ಇದ್ದವರು ತಾವಾಗೇ ಬರ್ತಾರೆ ಬಿಡಿ."

"ಯಾವಾಗ ಬರ್ತಾರೆ ಸರ್? ಮೂರು ವರ್ಷ ಆದ್ಮೇಲಾ, ನಾಲ್ಕಾ? ಕೇಳಿಸದೇ ಹೋದ ಒಂದೊಂದು ತಿಂಗಳೂ ಮಾತು ಕಲಿಯೋ ತಿಂಗಳು. ಅದನ್ನ ನೀವೇ ನಮಗೆ ಹೇಳಿಕೊಟ್ಟಿದ್ದು."

ಅವರ ಮುಖ ಗಂಟಾಯಿತು. ನಿಮಗೆ ಇನ್ನು ಏಳೇ ತಿಂಗಳ ಸರ್ವೀಸು, ಮರ್ಯಾದೆಯಿಂದ ಮನೆಗೆ ಹೋಗಿ ಎಂದರು. ಮರ್ಯಾದೆಯಿಂದ ಹೋಗುವ ದಾರಿ ಇದೊಂದೇ ಸರ್ ಎಂದೆ. ಅವರು ಮುಂದೆ ತಳ್ಳಿದ ಕಾಗದವನ್ನು ಸಹಿ ಹಾಕದೆ ಅವರ ಮೇಜಿನ ಮೇಲೆ ಬಿಟ್ಟು ಬಂದೆ.

ಮಾರ್ಚ್ ೨೦, ಬುಧವಾರ

ಇಸ್ತ್ರಿ ಮಾಡುವ ತಾಯಿಗೆ ಹೇಳುವುದು ನನ್ನ ಕೆಲಸ, ಬೇರೆಯವರು ಹೇಳಬಾರದು ಎಂದು ತಂತಿ ಮೇಡಂ ಹತ್ತಿರ ಮೊದಲೇ ಮಾತು ತೆಗೆದುಕೊಂಡಿದ್ದೆ. ಗುರುವಾರ ಅವಳು ಕಣ್ಣಾರೆ ನೋಡಿದ್ದಳು ನಿಜ. ಆದರೆ ಅದು ಯಾರ ತಪ್ಪು ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

"ಎಂಟು ತಿಂಗಳಲ್ಲೇ ಗೊತ್ತಾಗಬೇಕಿತ್ತಮ್ಮ. ನನ್ನ ತಪ್ಪಿನಿಂದ ಗೊತ್ತಾಗಲಿಲ್ಲ. ಒಂದು ವರ್ಷ ಹೋಯ್ತು."

ಅವಳು ಕಿರುಚುತ್ತಾಳೆ ಎಂದುಕೊಂಡಿದ್ದೆ. ಕಿರುಚಿದ್ದರೆ ಒಳ್ಳೆಯದಿತ್ತು.

"ನೀವು ಕಿವಿ ಸರಿಯಾಗಿದೆ ಅಂದ್ರಿ. ಅದಕ್ಕೇ ಇವಳು ಹಟಮಾರಿ ಅಂದ್ಕೊಂಡೆ. ಕರೆದ್ರೆ ತಿರುಗಲ್ಲ, ಬೇಡ ಅಂದ್ರೆ ನಿಲ್ಲಲ್ಲ. ಬಿಸಿ ಇಸ್ತ್ರಿ ಪೆಟ್ಟಿಗೆ ಹತ್ರ ಹೋಗಬೇಡ ಅಂತ ಅಷ್ಟು ಕೂಗ್ತೀನಿ, ನಗ್ತಾ ಹೋಗ್ತಾಳೆ. ಹೊಡೆದಿದ್ದೀನಿ ಮೇಡಂ. ಒಂದು ಸಲ ಅಲ್ಲ. ನಮ್ಮತ್ತೆ ಅಂತೂ ನೀನು ಮಗು ಹತ್ರ ಮಾತಾಡಲ್ಲ, ಅದಕ್ಕೇ ಅದು ಮೂಗಿಯಾಗಿದೆ ಅಂತ ದಿನಾ ಅಂತಾರೆ. ನಾನೂ ಹಾಗೇ ಇರಬೇಕು ಅಂದ್ಕೊಂಡಿದ್ದೆ."

ಮಗು ನಮ್ಮಿಬ್ಬರ ಮುಖವನ್ನೂ ಸರದಿಯಂತೆ ನೋಡುತ್ತಿತ್ತು.

"ನಿಮ್ಮನ್ನ ನಾನು ಕ್ಷಮಿಸಲ್ಲ" ಎಂದಳು ಎದ್ದು ನಿಂತು.

"ಕ್ಷಮಿಸು ಅಂತ ಕೇಳೋಕೆ ಬಂದಿಲ್ಲಮ್ಮ. ಗೊತ್ತಿರಲಿ ಅಂತ ಹೇಳಿದೆ. ನಿಮ್ಮ ಅತ್ತೆಗೆ ನಾನೇ ಬಂದು ಹೇಳಬೇಕಾ? ಬರ್ತೀನಿ."

ಅವಳು ಮಗುವನ್ನು ಎತ್ತಿಕೊಂಡು ಹೊರಟಳು. ಬಾಗಿಲವರೆಗೂ ಮಗು ಅವಳ ಹೆಗಲ ಮೇಲಿಂದ ನನ್ನನ್ನೇ ನೋಡುತ್ತಿತ್ತು. ನಾನು ಕೈ ಬೀಸಿದೆ. ಅದೂ ಬೀಸಿತು.

ಮಾರ್ಚ್ ೨೧, ಗುರುವಾರ

ಅತ್ತೆಯ ಹತ್ತಿರ ಹೋಗಿ ಬಂದೆ. ಹಾಲ್ ತುಂಬ ಒಣಗಿಸಿದ ಬಟ್ಟೆ. ಮುದುಕಿ ಕೂರು ಅನ್ನಲೂ ಇಲ್ಲ. ನಿಂತೇ ಹೇಳಿದೆ, ಸೊಸೆಯ ತಪ್ಪು ಕೂದಲೆಳೆಯಷ್ಟೂ ಇಲ್ಲ, ಪೂರ್ತಿ ನಂದು ಎಂದು. "ದೊಡ್ಡ ಆಸ್ಪತ್ರೆಯವರು ಹೀಗಾ ಮಾಡೋದು" ಎಂದು ಅರ್ಧ ಗಂಟೆ ಬೈದಳು. ಸೊಸೆಗೆ ಬೈಯುವುದನ್ನು ಬಿಟ್ಟು ನನಗೆ ಬೈದಳಲ್ಲ, ಹೋದ ಕೆಲಸ ಆಯಿತು.

ಮಾರ್ಚ್ ೨೬, ಮಂಗಳವಾರ

ಊಟದ ಹೊತ್ತಿನಲ್ಲಿ ಫೋನ್ ಮಾಡುತ್ತಿದ್ದೇನೆ. ಯಾರ ಅಪ್ಪಣೆಯೂ ಇಲ್ಲ. ಅಪ್ಪಣೆ ಕೇಳಿದರೆ ತಾನೆ ಇಲ್ಲ ಅನ್ನುವುದು.

ಆಮೆರಾಯ ರಿಜಿಸ್ಟರಿನಿಂದ ನಂಬರು ಓದುತ್ತಾನೆ, ನಾನು ಒತ್ತುತ್ತೇನೆ. ನಿಧಾನ ಹೌದು, ಆದರೆ ಒಂದು ಅಂಕಿಯೂ ತಪ್ಪುವುದಿಲ್ಲ. ಅವನು ನಿಧಾನಿಯಲ್ಲ, ಜೋಪಾನದವನು. ಇಷ್ಟು ದಿನ ನನಗೆ ಕಂಡಿರಲಿಲ್ಲ. ತಂತಿ ಮೇಡಂ, ಈಗ ಅವಳು ನಮ್ಮ ಹುಡುಗಿ, ತನ್ನ ಯಂತ್ರದ ಕೋಣೆಯನ್ನು ಬೆಳಿಗ್ಗೆ ಏಳಕ್ಕೇ ತೆರೆಯುತ್ತೇನೆ, ಒಂಬತ್ತರೊಳಗೆ ಮೂರು ಮಕ್ಕಳನ್ನು ನೋಡಬಹುದು ಎಂದಳು. ಏಳಕ್ಕೆ ಬರಲು ಅವಳು ಎರಡು ಬಸ್ಸು ಬದಲಿಸಬೇಕು.

ಆದರೆ ಜನ ಬರಲು ಒಪ್ಪುತ್ತಿಲ್ಲ. ಇವತ್ತಿನ ಉತ್ತರಗಳು: "ನಮ್ಮ ಮಗು ಚೆನ್ನಾಗಿದೆ, ನೀವೇ ಬರೆದುಕೊಟ್ಟಿದ್ದೀರಲ್ಲ." "ಮತ್ತೆ ಏನೋ ಮಾರೋಕೆ ಫೋನ್ ಮಾಡ್ತಿದ್ದೀರಾ?" "ಒಂದು ಸಲ ಪಾಸಾದ್ಮೇಲೆ ಮತ್ತೆ ಪರೀಕ್ಷೆ ಯಾಕೆ, ಇದೇನು ಶಾಲೇನಾ?" ಒಬ್ಬರು ಪೂರ್ತಿ ಕೇಳಿಸಿಕೊಂಡು, ಪಾಪ ನಿಮಗೆ ಹುಷಾರಿಲ್ಲವೇನೋ, ರೆಸ್ಟ್ ತಗೊಳ್ಳಿ ಎಂದರು.

ಐದು ದಿನದಲ್ಲಿ ನಲವತ್ತು ಮನೆ. ಬಂದವರು ಒಂಬತ್ತು. ಒಂಬತ್ತೂ ಮಕ್ಕಳಿಗೆ ಚೆನ್ನಾಗಿ ಕೇಳಿಸುತ್ತದೆ. ಇಷ್ಟು ಗಲಾಟೆ ಯಾಕೆ ಬೇಕಿತ್ತು ಎಂದು ದೊಡ್ಡ ಡಾಕ್ಟರು ಕಾರಿಡಾರಿನಲ್ಲಿ ನಿಲ್ಲಿಸಿ ಕೇಳಿದರು. ನೂರ ಎಂಬತ್ತೈದರಲ್ಲಿ ಒಂಬತ್ತು ಕಳೆದರೆ ಎಷ್ಟು ಸರ್ ಎಂದು ಕೇಳಿ ಬಂದೆ.

ಮಾರ್ಚ್ ೨೮, ಗುರುವಾರ

ಊಟದ ಹೊತ್ತಿಗೆ ಆ ತಾಯಿ ಬಂದಳು. ಮಗುವಿಗೆ ಶ್ರವಣಯಂತ್ರದ ಅಳತೆ ಕೊಡಲು ಬಂದವಳು, ನಾನು ಫೋನಿನಲ್ಲಿ ಬೈಸಿಕೊಳ್ಳುತ್ತಿದ್ದದ್ದನ್ನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಾಳೆ.

"ಎಷ್ಟು ಜನ ಇದಾರೆ ಹೀಗೆ?"

ಹೇಳಿದೆ.

ಮಗುವನ್ನು ಆಮೆರಾಯನ ಮಡಿಲಿಗೆ ಇಳಿಸಿ, ಕುರ್ಚಿ ಎಳೆದುಕೊಂಡು ಕೂತಳು. "ನಿಮ್ಮ ಮಾತು ಯಾರೂ ನಂಬಲ್ಲ. ನೀವು ಫೋನ್ ಹಚ್ಚಿ, ಇಲ್ಲೊಬ್ಬಳು ತಾಯಿ ಇದಾಳೆ, ಅವಳ ಹತ್ರ ಮಾತಾಡಿ ಅನ್ನಿ. ಆಮೇಲೆ ಇಲ್ಲಿ ಕೊಡಿ."

"ನಿನಗ್ಯಾಕಮ್ಮ ಈ ತಲೆನೋವು?"

"ನಿಮಗೋಸ್ಕರ ಅಲ್ಲ" ಎಂದಳು ಖಡಕ್ಕಾಗಿ. "ಎಲ್ಲೋ ಒಬ್ಬಳು ಈಗ ಮಗೂಗೆ ಹೊಡೀತಾ ಇರ್ತಾಳೆ."

ಮೊದಲ ಮನೆಯವರನ್ನೇ ಒಪ್ಪಿಸಿದಳು. ಎರಡನೆಯವರನ್ನೂ. ಲಾಂಡ್ರಿಯಲ್ಲಿ ದಿನವಿಡೀ ಗಿರಾಕಿಗಳ ಜೊತೆ ಜಗಳವಾಡಿ ಪಳಗಿದ ಗಂಟಲು, ನನ್ನ ಹಾಗೆ ಬೇಡುವ ಗಂಟಲಲ್ಲ. ಒಂದು ಗಂಟೆಯಲ್ಲಿ ಆರು ಮನೆ. ಹೋಗುವಾಗ, ನಾಳೆಯೂ ಬರ್ತೀನಿ ಎಂದಳು. ನನ್ನನ್ನು ನೋಡಿ ಹೇಳಲಿಲ್ಲ, ಆಮೆರಾಯನಿಗೆ ಹೇಳಿದಳು.

ಏಪ್ರಿಲ್ ೫, ಶುಕ್ರವಾರ

ಸಿಕ್ಕಿತು. ಹನ್ನೊಂದು ತಿಂಗಳ ಗಂಡುಮಗು, ಗುಂಡು ಕೆನ್ನೆ. ಗೆರೆ ಚೂರೇ ಚೂರು ಏಳುತ್ತದೆ, ಅದೂ ಬಹಳ ಜೋರು ಸದ್ದಿಗೆ. ತಂದೆ ಟ್ಯಾಕ್ಸಿ ಓಡಿಸುವವನು. ಬರುವುದಿಲ್ಲ ಎಂದು ಎರಡು ಸಲ ಫೋನ್ ಇಟ್ಟವನು, ಮೂರನೇ ಸಲ ಇಸ್ತ್ರಿಯವಳ ಮಾತಿಗೆ ಬಂದಿದ್ದ. ಹನ್ನೊಂದು ತಿಂಗಳಿಗೆ ಸಿಕ್ಕಿದ್ದು ಒಳ್ಳೆಯದೇ ಆಯ್ತು, ಈಗಲೇ ಶ್ರವಣಯಂತ್ರ ಹಾಕಿದರೆ ಮಾತು ಬರುವ ಸಾಧ್ಯತೆ ಚೆನ್ನಾಗಿದೆ ಎಂದು ನಮ್ಮ ಹುಡುಗಿ ಅವನಿಗೆ ವಿವರಿಸುತ್ತಿದ್ದಳು. ಅವನು ಮಗುವಿನ ಕಾಲುಚೀಲ ಹಾಕುವುದು ಬಿಚ್ಚುವುದು ಮಾಡುತ್ತ ಕೇಳುತ್ತಿದ್ದ.

ನಾನು ಮಗುವಿನ ಮುಂದೆ ಗೊಂಬೆ ಹಿಡಿದು ಕೂತಿದ್ದೆ. ನಡುವೆ ಹುಡುಗಿ ನನ್ನ ಕೈಗೆ ಟಿಶ್ಯೂ ಕೊಟ್ಟಳು. ಯಾಕೆಂದು ಗೊತ್ತಾಗಲಿಲ್ಲ, ಮೇಜು ಒರೆಸಿದೆ. ಮಗು ನನ್ನ ಮುಖ ಮುಟ್ಟಿ, ಒದ್ದೆಯಾದ ತನ್ನ ಬೆರಳು ನೋಡಿಕೊಂಡಿತು.

ಮನೆಗೆ ಬಂದಾಗ ನಮ್ಮವರು, "ಏನೇ, ಇತ್ತೀಚೆಗೆ ನಿನ್ನ ಮುಖ ನೋಡಿದ್ರೇನೇ ಆಸ್ಪತ್ರೇಲಿ ಏನಾಯ್ತು ಅಂತ ಗೊತ್ತಾಗುತ್ತೆ" ಎಂದರು. ಬೇರೆ ಕೆಲಸವಿಲ್ಲ ಇವರಿಗೆ.

ಏಪ್ರಿಲ್ ೯, ಮಂಗಳವಾರ

ನೋಟಿಸು ಬಂತು. ಮೂರು ಆರೋಪ: ಪರೀಕ್ಷೆಯಲ್ಲಿ ನಿರ್ಲಕ್ಷ್ಯ, ಅನುಮತಿಯಿಲ್ಲದೆ ರಿಜಿಸ್ಟರು ಬಳಕೆ, ಹೊರಗಿನವರನ್ನು ಕಚೇರಿಗೆ ಸೇರಿಸಿಕೊಂಡಿದ್ದು. ಮೂರು ದಿನದಲ್ಲಿ ಉತ್ತರ ಕೊಡಬೇಕಂತೆ. ಮೂರು ದಿನ ಯಾಕೆ, ಅಲ್ಲೇ ನಿಂತು ಬರೆದೆ.

"ಮೂರೂ ನಿಜ. ಮೊದಲನೆಯದು ನಾನು ಮಾಡಿದ ತಪ್ಪು. ಉಳಿದೆರಡು ಅದನ್ನು ತಿದ್ದಲು ಮಾಡಿದ ಕೆಲಸ. ಇನ್ನೂ ನೂರ ನಲವತ್ತೆರಡು ಮಕ್ಕಳು ಬರುವುದು ಬಾಕಿಯಿದೆ. ಅವರೆಲ್ಲ ಬಂದು ಹೋದ ಮೇಲೆ ಯಾವ ಶಿಕ್ಷೆ ಕೊಟ್ಟರೂ ಬಂದು ತೆಗೆದುಕೊಳ್ಳುತ್ತೇನೆ. ಅಲ್ಲಿಯವರೆಗೆ ಪುರುಸೊತ್ತಿಲ್ಲ."

ದೊಡ್ಡ ಡಾಕ್ಟರು ಓದಿದರು. ಕೊನೆಯ ಸಾಲು ಅಳಿಸಿ ಎಂದರು. ಅಳಿಸಲಿಲ್ಲ.

ಊಟದ ಹೊತ್ತಿಗೆ ಇಸ್ತ್ರಿಯವಳು ಬಂದು ಕೂತಾಗಿತ್ತು. ಮೂರನೇ ಮನೆಯ ಹೆಂಗಸು ಫೋನಿನಲ್ಲಿ ಏನೋ ಜೋರಾಗಿ ಹೇಳುತ್ತಿದ್ದಳು, ಆಮೆರಾಯನವರೆಗೂ ಕೇಳಿಸುತ್ತಿತ್ತು. ಇವಳು ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ, "ಹೌದು, ನನಗೂ ಮಗು ಕಿವಿ ಸರಿಯಾಗಿದೆ ಅಂತಲೇ ಹೇಳಿದ್ರು. ಹಾಗಂತ ಹೇಳಿದವರು ಇಲ್ಲೇ ನನ್ನ ಪಕ್ಕ ಕೂತಿದಾರೆ. ಕೊಡ್ತೀನಿ ಇರಿ, ಅವರನ್ನೇ ಕೇಳಿ" ಎಂದು ಫೋನನ್ನು ನನ್ನ ಕೈಗೆ ಕೊಟ್ಟಳು. ಕ್ಷಮಿಸಲ್ಲ ಅಂದ ಮೇಲೆ ಮೊದಲ ಸಲ ನನ್ನ ಮುಖವನ್ನು ನೇರ ನೋಡಿದಳು.

"ಹೇಳಿದ್ದು ನಾನೇ ಅಮ್ಮ" ಎಂದೆ. "ತಪ್ಪು ಹೇಳಿದ್ದೆ. ಬೈಯಿರಿ. ಬೈದು ಮುಗಿಸಿದ ಮೇಲೆ, ನಾಳೆ ಬೆಳಿಗ್ಗೆ ಏಳು ಗಂಟೆಗೆ ಮಗೂನ ಕರ್ಕೊಂಡು ಬನ್ನಿ."

ಆಕೆ ಬೈದು ಮುಗಿಸಲು ಹನ್ನೊಂದು ನಿಮಿಷ ಬೇಕಾಯಿತು. ಅಷ್ಟು ಹೊತ್ತೂ ನಾನು ಫೋನ್ ಇಡಲಿಲ್ಲ.

ನಾಳೆ ಏಳಕ್ಕೆ ಬರುತ್ತಾರಂತೆ.